ಕಳವಳ: ಅದರ ಹುಟ್ಟು ಮತ್ತು ಶಮನ

ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದೇ ಒಂದು ಸೊನ್ನೆಯ ಅಂತರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚಿತೆಯು ಸತ್ತವರನ್ನು ಸುಡುವುದು, ಚಿಂತೆಯು ಬದುಕಿರುವವರನ್ನೇ ಸುಡುವುದು ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಕೇಳಿದವರು ಬಹಳ ಮಂದಿ. ಆದರೆ ಕಣ್ಣಿಗೆ ಕಾಣದ ಚಿಂತೆಯು ಕಣ್ಣಿಗೆ ಕಾಣುವ ದೇಹವನ್ನು ಹೇಗೆ ಸುಡುತ್ತದೆ, ಆ ಬೆಂಕಿಯನ್ನು ಆರಿಸುವ ನೀರು ಎಲ್ಲಿದೆ ಎಂದು ವಿಚಾರಿಸಿದವರು ವಿರಳ. ವಿಜ್ಞಾನವು ಕಳೆದ ನೂರು ನೂರಿಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅನೇಕ ಸಂಗತಿಗಳನ್ನು ಬೆಳಕಿಗೆ ತಂದಿದೆ. ಅವುಗಳಲ್ಲಿ ಕೆಲವನ್ನು ಇಲ್ಲಿ ನೋಡೋಣ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡಿನ ಸೆರಗಿಗೂ ಬಯಲುಸೀಮೆಯ ಅಂಚಿಗೂ ನಡುವೆ ಇರುವ ನಾಡು. ಇಲ್ಲಿಯ ಬದುಕು ಬಹುಮಟ್ಟಿಗೆ ಮಳೆಯನ್ನು ನೆಚ್ಚಿದುದು. ಜೂನ್ ತಿಂಗಳಲ್ಲಿ ಗೋವಿನಜೋಳ ಬಿತ್ತಲೆಂದು ಹೊಲವನ್ನು ಹದಮಾಡಿಕೊಂಡ ರೈತನು ಮುಗಿಲ ಕಡೆಗೆ ನೋಡುತ್ತ ಕುಳಿತಾಗ ಅವನ ಎದೆಯಲ್ಲಿ ಒಂದು ಕಳವಳ. 2023ರಲ್ಲಿ ಮುಂಗಾರು ಕೈಕೊಟ್ಟು, ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟಾಗ ಈ ಕಳವಳವು ಮನೆಮನೆಯ ಅತಿಥಿಯಾಯಿತು. ಮಾರ್ಚ್ ತಿಂಗಳು ಬಂದು, ಅದೇ ಮನೆಯ ಮಗನೋ ಮಗಳೋ ಹತ್ತನೆಯ ತರಗತಿಯ ಪರೀಕ್ಷೆಗೆಂದು ಬಸ್ಸು ಹತ್ತುವಾಗ ಇನ್ನೊಂದು ಕಳವಳ. ಅಪ್ಪನ ಸಾಲ, ಅವ್ವನ ಆಸೆ, ತನ್ನ ಮುಂದಿನ ಓದು, ಇವೆಲ್ಲವೂ ಕೆಲವೇ ಗಂಟೆಗಳ ಆ ಪ್ರಶ್ನಪತ್ರಿಕೆಯ ಮೇಲೆ ನಿಂತಿವೆಯೆಂದು ಆ ಎಳೆಯ ಮನಸ್ಸು ತಿಳಿಯುತ್ತದೆ. ಆಗ ಬಾಯಿ ಒಣಗುವುದು, ಅಂಗೈ ಬೆವರುವುದು, ಹೊಟ್ಟೆಯಲ್ಲಿ ತಳಮಳವಾಗುವುದು, ಎದೆ ಡವಡವನೆ ಹೊಡೆದುಕೊಳ್ಳುವುದು.

ಪ್ರಶ್ನಪತ್ರಿಕೆಯೆಂಬುದು ಅಚ್ಚಾದ ಕಾಗದ. ಅದು ಕಚ್ಚುವುದಿಲ್ಲ, ಹೊಡೆಯುವುದಿಲ್ಲ. ಹೀಗಿರುವಲ್ಲಿ ಅದನ್ನು ನೆನೆದ ಮಾತ್ರಕ್ಕೆ ಎದೆಯೇಕೆ ಬಡಿಯಬೇಕು?

ದೇಹದ ಎಚ್ಚರಿಕೆಯ ಗಂಟೆ

ಇದೇ ಜಿಲ್ಲೆಯ ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳ ಅಭಯಾರಣ್ಯವಿದೆ. ಹುಲ್ಲು ಮೇಯುತ್ತಿರುವ ಒಂದು ಕೃಷ್ಣಮೃಗಕ್ಕೆ ತೋಳದ ಸುಳಿವು ಹತ್ತಿತೆಂದು ಭಾವಿಸೋಣ. ಆ ಪ್ರಾಣಿಯು ಯೋಚಿಸುತ್ತ ನಿಂತರೆ ಉಳಿಯಲಾರದು. ಕ್ಷಣಾರ್ಧದಲ್ಲಿ ಅದರ ಮೆದುಳಿನಿಂದ ನರಗಳ ಮೂಲಕ ಒಂದು ಆಜ್ಞೆಯು ಹೊರಡುತ್ತದೆ. ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಾಕಾಮಿನೆ 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ವಸ್ತು ಇದೇ.

ಈ ರಸವು ರಕ್ತದಲ್ಲಿ ಸೇರಿದೊಡನೆ ಇಡೀ ದೇಹವು ಯುದ್ಧಕಾಲದ ಪಟ್ಟಣದಂತಾಗುತ್ತದೆ. ಹೃದಯವು ವೇಗವಾಗಿ ಬಡಿಯುವುದು. ಶ್ವಾಸನಾಳಗಳು ಅಗಲವಾಗುವುವು. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುವುದು. ಜಠರಕ್ಕೂ ಚರ್ಮಕ್ಕೂ ಹೋಗಬೇಕಾದ ರಕ್ತವು ಕಾಲುಗಳ ಸ್ನಾಯುಗಳ ಕಡೆಗೆ ತಿರುಗುವುದು. ಓಡಿ ಪಾರಾಗುವವರೆಗೆ ಪಚನಕ್ರಿಯೆಗೆ ರಜೆ. ಪರೀಕ್ಷೆಯ ದಿನ ಬಾಯಿ ಒಣಗುವುದೂ, ಊಟ ಸೇರದಿರುವುದೂ, ಕೈ ತಣ್ಣಗಾಗುವುದೂ ಏಕೆಂಬುದು ಇದರಿಂದ ತಿಳಿಯುತ್ತದೆ. ಇವು ರೋಗದ ಲಕ್ಷಣಗಳಲ್ಲ. ಓಡಲು ಅಣಿಯಾದ ದೇಹದ ಸಿದ್ಧತೆಗಳು.

ಈ ವ್ಯವಸ್ಥೆಯನ್ನು ಕ್ರಮವಾಗಿ ಅಭ್ಯಸಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್. ಎಕ್ಸ್-ಕಿರಣಗಳು 1895ರಲ್ಲಿ ಆಗತಾನೇ ಪತ್ತೆಯಾಗಿದ್ದುವು. ಅವುಗಳ ಸಹಾಯದಿಂದ ಅವನು ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದನು. ಬೆಕ್ಕು ನೆಮ್ಮದಿಯಾಗಿದ್ದಾಗ ಜಠರವು ಅಲೆಅಲೆಯಾಗಿ ಆಡುತ್ತಿತ್ತು; ಬೆಕ್ಕು ಕೆರಳಿದಾಗ ಅಥವಾ ಕಳವಳಗೊಂಡಾಗ ಆ ಚಲನೆಯು ಥಟ್ಟನೆ ನಿಲ್ಲುತ್ತಿತ್ತು. ಮನೋಭಾವವು ಜಠರದ ಮೇಲೆ ಆಳುವುದನ್ನು ಅವನು ಕಣ್ಣಾರೆ ಕಂಡಂತಾಯಿತು. 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ನೋವು, ಹಸಿವು, ಭಯ, ಕೋಪಗಳಿಂದ ದೇಹದಲ್ಲಿ ಆಗುವ ಮಾರ್ಪಾಟುಗಳನ್ನು ವಿವರಿಸಿ, ಇವೆಲ್ಲವೂ ಪ್ರಾಣಿಯನ್ನು ಹೋರಾಟಕ್ಕೆ ಇಲ್ಲವೆ ಪಲಾಯನಕ್ಕೆ ಸಿದ್ಧಗೊಳಿಸುತ್ತವೆಂದು ತೋರಿಸಿದನು.

ತೋಳವಿಲ್ಲದ ಓಟ

ಕೃಷ್ಣಮೃಗವು ತೋಳದಿಂದ ಪಾರಾದ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಮೇಯತೊಡಗುತ್ತದೆ. ರಕ್ತಕ್ಕೆ ಬಂದ ಸಕ್ಕರೆ ಓಟದಲ್ಲಿ ವೆಚ್ಚವಾಯಿತು, ಅಡ್ರಿನಲಿನ್ ಕರಗಿತು, ಗಂಟೆಯ ಸದ್ದು ನಿಂತಿತು. ನಾಳೆ ತೋಳ ಬಂದೀತೆಂದು ಅದು ಇಂದಿನ ನಿದ್ರೆಯನ್ನು ಕೆಡಿಸಿಕೊಳ್ಳುವುದಿಲ್ಲ.

ಮನುಷ್ಯನಿಗಾದರೋ ನಾಳೆಯನ್ನು ಕಲ್ಪಿಸಿಕೊಳ್ಳುವ ಶಕ್ತಿಯಿದೆ. ಬೇಸಾಯವೂ ವಿಜ್ಞಾನವೂ ಆ ಶಕ್ತಿಯಿಂದಲೇ ಹುಟ್ಟಿದುವು. ಆದರೆ ಅದೇ ಶಕ್ತಿಯು ಇಲ್ಲದ ತೋಳವನ್ನೂ ಕಣ್ಣ ಮುಂದೆ ತಂದು ನಿಲ್ಲಿಸಬಲ್ಲುದು. ದೇಹಕ್ಕೆ ನಿಜವಾದ ತೋಳಕ್ಕೂ ಕಲ್ಪನೆಯ ತೋಳಕ್ಕೂ ಇರುವ ಭೇದವು ಚೆನ್ನಾಗಿ ತಿಳಿಯದು. ನಪಾಸಾದೇನೆಂಬ ಯೋಚನೆ ಬಂದಾಗಲೂ ಅದು ಹಳೆಯ ಗಂಟೆಯನ್ನೇ ಬಾರಿಸುತ್ತದೆ. ವಿದ್ಯಾರ್ಥಿಯು ಮಾತ್ರ ಓಡದೆ ಚಾಪೆಯ ಮೇಲೆ ಕುಳಿತೇ ಇರುತ್ತಾನೆ. ಓಟಕ್ಕೆಂದು ಸಿದ್ಧವಾದ ದೇಹವು ಓಡಲೇ ಇಲ್ಲ, ಗಂಟೆಯೂ ನಿಲ್ಲಲಿಲ್ಲ.

ಈ ಸ್ಥಿತಿಯು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ ಏನಾಗುವುದು? ಕೆನಡಾದೇಶದ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಇಲಿಗಳನ್ನು ಚಳಿಗೆ ಒಡ್ಡಲಿ, ಅತಿಯಾಗಿ ದುಡಿಸಲಿ, ವಿಷವಸ್ತುಗಳನ್ನು ಚುಚ್ಚಲಿ, ಪರಿಣಾಮ ಮಾತ್ರ ಒಂದೇ ಬಗೆಯದಾಗಿರುತ್ತಿತ್ತು. ಅಡ್ರಿನಲ್ ಗ್ರಂಥಿಗಳು ಹಿಗ್ಗುತ್ತಿದ್ದುವು, ರೋಗವನ್ನು ತಡೆಯುವ ಕೆಲಸದಲ್ಲಿ ಭಾಗಿಯಾದ ಥೈಮಸ್ ಗ್ರಂಥಿಯು ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣುಗಳಾಗುತ್ತಿದ್ದುವು. 1936ರಲ್ಲಿ ಅವನು ಇದನ್ನು ಒಂದು ಚಿಕ್ಕ ಪತ್ರದ ರೂಪದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಮೊದಲು ಎಚ್ಚರಿಕೆ, ಬಳಿಕ ತಾಳಿಕೆ, ಕೊನೆಗೆ ಬಳಲಿಕೆ ಎಂದು ಅವನು ಮೂರು ಹಂತಗಳನ್ನು ಗುರುತಿಸಿದನು. ಹೇರು ಹೆಚ್ಚಾದ ಚಕ್ಕಡಿಯ ಅಚ್ಚು ಮೊದಲು ಕಿರುಗುಟ್ಟಿ, ಕೆಲಕಾಲ ತಾಳಿ, ಕೊನೆಗೊಮ್ಮೆ ಮುರಿಯುವಂತೆಯೇ ಇದೂ ಎಂದು ತಿಳಿಯಬಹುದು.

ದೀರ್ಘಕಾಲದ ಒತ್ತಡದಲ್ಲಿ ಮುಖ್ಯ ಪಾತ್ರ ವಹಿಸುವುದು ಅದೇ ಗ್ರಂಥಿಗಳ ಹೊರಪದರದಲ್ಲಿ ಹುಟ್ಟುವ ಕಾರ್ಟಿಸಾಲ್ ಎಂಬ ಇನ್ನೊಂದು ರಸ. ಮಿತದಲ್ಲಿ ಇದು ಬದುಕಿಗೆ ಬೇಕೇ ಬೇಕು. ಬೆಳಗಿನಲ್ಲಿ ನಮ್ಮನ್ನು ಚುರುಕುಗೊಳಿಸುವುದರಲ್ಲಿ ಇದರ ಪಾಲೂ ಉಂಟು. ಮಿತಿಮೀರಿದಾಗ ಮಾತ್ರ ನಿದ್ರೆ ಕೆಡುವುದು, ರಕ್ತದೊತ್ತಡ ಏರುವುದು. ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ರಸದ ಪ್ರಮಾಣ ಥಟ್ಟನೆ ಏರಿದಾಗ ಕಲಿತುದನ್ನು ನೆನಪಿಗೆ ತಂದುಕೊಳ್ಳುವ ಶಕ್ತಿಯು ತಾತ್ಕಾಲಿಕವಾಗಿ ಕುಗ್ಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ‘ಎಲ್ಲವೂ ಮರೆತುಹೋಯಿತು’ ಎಂದು ಅನ್ನಿಸುವುದು ಇದರಿಂದಲೇ. ನಿಜವಾಗಿ ಏನೂ ಮರೆತಿರುವುದಿಲ್ಲ. ಉಗ್ರಾಣದಲ್ಲಿ ಕಾಳು ಇದ್ದೇ ಇದೆ. ಬೀಗದ ಕೈ ಕ್ಷಣಕಾಲ ತಪ್ಪಿದೆ, ಅಷ್ಟೆ. ಆದುದರಿಂದಲೇ ಮನೆಗೆ ಬಂದು ನೀರು ಕುಡಿದು ಕುಳಿತ ಕೂಡಲೇ ಉತ್ತರವು ತಾನಾಗಿ ನೆನಪಿಗೆ ಬರುತ್ತದೆ.

ಸ್ವಲ್ಪ ಕಳವಳ ಒಳ್ಳೆಯದೆ

ಹಾಗಾದರೆ ಕಳವಳವನ್ನು ಪೂರ್ತಿಯಾಗಿ ನಿರ್ಮೂಲ ಮಾಡಬೇಕೆ? ಬೇಡ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು 1908ರಲ್ಲಿ ಚಿಕ್ಕ ಇಲಿಗಳಿಗೆ ಎರಡು ಗೂಡುಗಳಲ್ಲಿ ಸರಿಯಾದುದನ್ನು ಆರಿಸುವುದನ್ನು ಕಲಿಸಿದರು. ತಪ್ಪಿದರೆ ಅದಕ್ಕೆ ವಿದ್ಯುತ್ತಿನ ಒಂದು ಚಿಕ್ಕ ಏಟು. ಗೂಡುಗಳ ಭೇದವು ಸುಲಭವಾಗಿ ಕಾಣುವಂತಿದ್ದಾಗ ಏಟು ಬಲವಾದಷ್ಟೂ ಇಲಿಗಳು ಬೇಗ ಕಲಿತುವು. ಭೇದವು ಸೂಕ್ಷ್ಮವಾಗಿದ್ದಾಗಲಾದರೋ ಮಧ್ಯಮ ಏಟಿನಿಂದ ಮಾತ್ರ ಚೆನ್ನಾಗಿ ಕಲಿತುವು. ಬಲವಾದ ಏಟಿನಿಂದ ಕಲಿಕೆಯು ಹಿಂದೆ ಬಿದ್ದಿತು. ಕಠಿನವಾದ ಕೆಲಸಕ್ಕೆ ಕಳವಳವೇ ಇಲ್ಲದ ಜಡತೆಯೂ ಬೇಡ, ಮಿತಿಮೀರಿದ ಕಳವಳವೂ ಬೇಡ. ತಂಬೂರಿಯ ತಂತಿ ಸಡಿಲಾದರೆ ನಾದವಿಲ್ಲ. ಬಿಗಿ ಹೆಚ್ಚಾದರೆ ತಂತಿಯೇ ಹರಿಯುವುದು. ಪರೀಕ್ಷೆಯ ಹಿಂದಿನ ದಿನ ಸ್ವಲ್ಪ ಅಂಜಿಕೆಯಾದರೆ ಅದನ್ನು ದೌರ್ಬಲ್ಯವೆಂದು ಭಾವಿಸಬಾರದು. ದೇಹವು ಕೆಲಸಕ್ಕೆ ಸಿದ್ಧವಾಗಿದೆಯೆಂಬುದೇ ಅದರ ಅರ್ಥ.

ಶಾಂತಿಯ ನರ

ಪ್ರಕೃತಿಯು ಗಂಟೆಯನ್ನು ಬಾರಿಸಲು ನರಗಳನ್ನು ಕೊಟ್ಟಂತೆ ಅದನ್ನು ನಿಲ್ಲಿಸಲೂ ಒಂದು ನರವನ್ನು ಕೊಟ್ಟಿದೆ. ಮೆದುಳಿನ ಬುಡದಿಂದ ಹೊರಟು, ಕೊರಳಿನಲ್ಲಿ ಇಳಿದು, ಹೃದಯ, ಪುಪ್ಪುಸ, ಜಠರಗಳವರೆಗೆ ಹಬ್ಬಿರುವ ಈ ನರಕ್ಕೆ ವೇಗಸ್ ಎಂದು ಹೆಸರು. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಆಟೊ ಲೋವಿ ಎಂಬವನ ಒಂದು ಸೊಗಸಾದ ಪ್ರಯೋಗವು ಪ್ರಕಟವಾಯಿತು. ಅವನು ಎರಡು ಕಪ್ಪೆಗಳ ಹೃದಯಗಳನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುತ್ತಿರುವಂತೆ ಇರಿಸಿದನು. ಮೊದಲನೆಯ ಹೃದಯದ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅದರ ಬಡಿತವು ನಿಧಾನವಾಯಿತು. ಅದರ ಸುತ್ತಣ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದಾಗ, ಯಾವ ನರದ ಸಂಪರ್ಕವೂ ಇಲ್ಲದ ಆ ಹೃದಯವೂ ನಿಧಾನವಾಯಿತು! ವೇಗಸ್ ನರವು ಒಂದು ರಾಸಾಯನಿಕ ವಸ್ತುವನ್ನು ಸ್ರವಿಸಿ ಹೃದಯವನ್ನು ಸಮಾಧಾನಪಡಿಸುತ್ತದೆಂಬುದು ಇದರಿಂದ ಸಿದ್ಧವಾಯಿತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಲೋವಿಗೆ ಹೆನ್ರಿ ಡೇಲ್‌ನೊಂದಿಗೆ 1936ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಈ ನರಕ್ಕೆ ನಾವು ನೇರವಾಗಿ ಆಜ್ಞೆ ಕೊಡಬಲ್ಲೆವೆ? ‘ಹೃದಯವೇ, ಮೆಲ್ಲಗೆ ಬಡಿ’ ಎಂದರೆ ಅದು ಕೇಳಲಾರದು. ನಮ್ಮ ದೇಶದ ಕೆಲವು ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಪ್ರತೀತಿಯಿತ್ತು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಭಾರತದಲ್ಲಿಯೇ ಅಂಥವರನ್ನು ಯಂತ್ರಗಳಿಂದ ಪರೀಕ್ಷಿಸಿ 1961ರಲ್ಲಿ ವರದಿ ಮಾಡಿದರು. ಎದೆಯ ಸ್ನಾಯುಗಳನ್ನು ಬಿಗಿದು ಉಸಿರು ಕಟ್ಟಿದಾಗ ಹೃದಯಕ್ಕೆ ಮರಳುವ ರಕ್ತವು ಕಡಿಮೆಯಾಗಿ, ಕೈನಾಡಿಯು ಸಿಕ್ಕದಂತಾಗುತ್ತಿತ್ತು. ಹೃದಯವು ಮಾತ್ರ ತನ್ನ ಕೆಲಸವನ್ನು ನಡೆಸಿಯೇ ಇತ್ತು. ಇಂಥ ಸಾಹಸವನ್ನು ಯಾರೂ ಅನುಕರಿಸಬಾರದು.

ಆದರೆ ಹಿಂಬಾಗಿಲು ಒಂದಿದೆ. ಅದೇ ಉಸಿರು. ದೇಹದ ಅಂಗಕ್ರಿಯೆಗಳಲ್ಲಿ ಉಸಿರಾಟವು ಇಬ್ಬರು ಒಡೆಯರ ಆಳು. ನಾವು ಮಲಗಿದಾಗ ಅದು ತಾನಾಗಿ ನಡೆಯುತ್ತದೆ. ಎಚ್ಚರವಿದ್ದಾಗ ನಮ್ಮ ಇಚ್ಛೆಯಂತೆಯೂ ನಡೆಯಬಲ್ಲುದು. ಉಸಿರಿಗೂ ಹೃದಯಕ್ಕೂ ಹತ್ತಿರದ ಸಂಬಂಧವಿರುವುದನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಷ್ಟು ಹಿಂದೆಯೇ ಕಂಡಿದ್ದನು. ಉಸಿರನ್ನು ಎಳೆದುಕೊಳ್ಳುವಾಗ ವೇಗಸ್ ನರದ ಹಿಡಿತವು ಸಡಿಲಾಗಿ ಬಡಿತವು ಚುರುಕಾಗುವುದು. ಉಸಿರನ್ನು ಬಿಡುವಾಗ ಹಿಡಿತವು ಬಿಗಿಯಾಗಿ ಬಡಿತವು ಮೆಲ್ಲಗಾಗುವುದು.

ವಾಚಕರು ಇದನ್ನು ಈಗಲೇ ಪರೀಕ್ಷಿಸಿ ನೋಡಬಹುದು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳುಗಳನ್ನು ಮೃದುವಾಗಿ ಇಡಿರಿ. ನಾಡಿ ಸಿಕ್ಕ ಮೇಲೆ ನಿಧಾನವಾಗಿ ಉಸಿರನ್ನು ಎಳೆದುಕೊಂಡು, ಇನ್ನೂ ನಿಧಾನವಾಗಿ ಬಿಡಿರಿ. ಒಳಗೆಳೆಯುವಾಗ ಬಡಿತಗಳು ಹತ್ತಿರ ಹತ್ತಿರವಾಗುವುದೂ, ಹೊರಬಿಡುವಾಗ ದೂರ ದೂರವಾಗುವುದೂ ಬೆರಳಿಗೆ ತಿಳಿಯುತ್ತದೆ. ಎಳೆಯ ವಯಸ್ಸಿನವರಲ್ಲಿ ಈ ಭೇದವು ಹೆಚ್ಚು ಸ್ಪಷ್ಟ.

ಇದರಿಂದ ಮೊದಲನೆಯ ಉಪಾಯವು ತಾನಾಗಿ ಹೊರಡುತ್ತದೆ. ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದಕ್ಕೆ ಹೆಚ್ಚು ಕಾಲ ಕೊಟ್ಟರೆ ಶಾಂತಿಯ ನರಕ್ಕೆ ಹೆಚ್ಚು ಅವಕಾಶ ಕೊಟ್ಟಂತಾಯಿತು. ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆಳೆದು, ಆರು ಎಣಿಸುವವರೆಗೆ ಮೆಲ್ಲಗೆ ಬಿಡಬೇಕು. ಒಂದೊಂದು ಎಣಿಕೆಯೂ ಒಂದು ಸೆಕೆಂಡಿನಷ್ಟಿದ್ದರೆ ನಿಮಿಷಕ್ಕೆ ಆರು ಉಸಿರುಗಳಾಗುತ್ತವೆ; ಸಾಮಾನ್ಯವಾಗಿ ನಾವು ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಐದು ನಿಮಿಷ ಹೀಗೆ ಮಾಡಿದರೆ ಸಾಕು. ಉಸಿರು ಕಟ್ಟಬೇಕಾದುದಿಲ್ಲ. ಬಲವಾಗಿ, ಬೇಗ ಬೇಗ ಉಸಿರಾಡಬಾರದು. ಹಾಗೆ ಮಾಡಿದರೆ ರಕ್ತದಲ್ಲಿಯ ಇಂಗಾಲಾಮ್ಲ ವಾಯುವು ಅತಿಯಾಗಿ ಕಡಿಮೆಯಾಗಿ ತಲೆ ಸುತ್ತುವುದು, ಬೆರಳುಗಳು ಜುಮುಗುಟ್ಟುವುವು, ಅಂಜಿಕೆಯು ಇನ್ನೂ ಹೆಚ್ಚುವುದು. ತಲೆ ಸುತ್ತಿದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಬೇಕು.

ಇಟಲಿಯ ಬೆರ್ನಾರ್ಡಿ ಮತ್ತು ಅವನ ಸಂಗಡಿಗರು 2001ರಲ್ಲಿ ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು. ಕ್ರೈಸ್ತರ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನು ಹೇಳಿದಾಗಲೂ, ಬೌದ್ಧರ ಮಂತ್ರವನ್ನು ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆಂದು ಅವರು ಕಂಡರು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳವು ಸಂತ ಶರೀಫರ (1819–1889) ಊರು. ತಂಬೂರಿ, ತಾಳಗಳೊಡನೆ ತತ್ತ್ವಪದಗಳನ್ನು ಹಾಡುವ ಭಜನೆಯ ಮೇಳಗಳು ಈ ಸೀಮೆಗೆ ಹೊಸವಲ್ಲ. ಹಾಡುವವನು ಥಟ್ಟನೆ ಉಸಿರೆಳೆದು, ಉದ್ದವಾದ ಸಾಲಿನುದ್ದಕ್ಕೂ ಮೆಲ್ಲಗೆ ಬಿಡಬೇಕಾಗುತ್ತದೆ. ಭಕ್ತಿಯ ಮಾತು ಹಾಗಿರಲಿ. ದೇಹಶಾಸ್ತ್ರದ ಕಣ್ಣಿನಿಂದ ನೋಡಿದರೂ ಭಜನೆಯು ನಿಧಾನದ ಉಸಿರಾಟಕ್ಕೆ ಒಳ್ಳೆಯ ಅಭ್ಯಾಸ. ಹಗಲೆಲ್ಲ ದುಡಿದು ಬಳಲಿದವರು ಭಜನೆ ಮುಗಿಸಿ ಹಗುರಾಗಿ ಮನೆಗೆ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಬಿಗಿದು ಸಡಿಲಿಸುವುದು

ಎರಡನೆಯ ಉಪಾಯವು ಸ್ನಾಯುಗಳಿಗೆ ಸಂಬಂಧಿಸಿದುದು. ಚಿಂತೆಯಲ್ಲಿರುವವನ ಹುಬ್ಬು ಗಂಟಿಕ್ಕಿರುತ್ತದೆ, ಹಲ್ಲು ಕಚ್ಚಿರುತ್ತದೆ, ಹೆಗಲು ಮೇಲೆದ್ದಿರುತ್ತದೆ. ಷಿಕಾಗೋ ನಗರದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಸ್ನಾಯುಗಳಲ್ಲಿಯ ಅತಿ ಸೂಕ್ಷ್ಮ ವಿದ್ಯುತ್ತನ್ನು ಅಳೆದು, ತೋಳನ್ನು ಮಡಿಸುವೆನೆಂದು ಕಲ್ಪಿಸಿಕೊಂಡ ಮಾತ್ರಕ್ಕೇ ತೋಳಿನ ಸ್ನಾಯುಗಳಲ್ಲಿ ಚಟುವಟಿಕೆಯುಂಟಾಗುವುದನ್ನು ತೋರಿಸಿದನು. ಯೋಚನೆಯು ಸ್ನಾಯುವನ್ನು ಬಿಗಿಯುವುದಾದರೆ, ಸ್ನಾಯುವನ್ನು ಸಡಿಲಿಸಿ ಯೋಚನೆಯನ್ನು ತಣಿಸಬಹುದಲ್ಲವೆ ಎಂಬುದು ಅವನ ತರ್ಕ. 1929ರಲ್ಲಿ ಅವನು ಈ ವಿಧಾನದ ಮೇಲೆ ಗ್ರಂಥವನ್ನು ಬರೆದನು.

ಅದರಿಂದ ಬೆಳೆದು ಇಂದು ರೂಢಿಯಲ್ಲಿರುವ ಕ್ರಮವು ಬಹಳ ಸುಲಭ. ಚಾಪೆಯ ಮೇಲೆ ಮಲಗಿ, ಮೊದಲು ಪಾದಗಳನ್ನು ಐದಾರು ಸೆಕೆಂಡು ಬಿಗಿದು ಒಮ್ಮೆಲೇ ಸಡಿಲು ಬಿಡಬೇಕು. ಬಿಗಿತಕ್ಕೂ ಸಡಿಲಿಗೂ ಇರುವ ಭೇದವನ್ನು ಹತ್ತಿಪ್ಪತ್ತು ಸೆಕೆಂಡು ಗಮನಿಸಬೇಕು. ಬಳಿಕ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ತೋಳು, ಹೆಗಲು, ದವಡೆ, ಹಣೆ, ಹೀಗೆ ಒಂದೊಂದಾಗಿ ಮೇಲಕ್ಕೆ ಬರಬೇಕು. ನೋವಿರುವ ಭಾಗವನ್ನು ಬಿಟ್ಟುಬಿಡಬೇಕು. ಕೆಲವು ದಿನಗಳ ಅಭ್ಯಾಸದಿಂದ ದೇಹವು ಸಡಿಲವಾಗುವುದನ್ನು ಕಲಿಯುತ್ತದೆ. ಆಮೇಲೆ ಪರೀಕ್ಷೆಯ ಬೆಂಚಿನ ಮೇಲೆ ಕುಳಿತಾಗಲೂ, ಯಾರಿಗೂ ತಿಳಿಯದಂತೆ, ಮುಷ್ಟಿಯನ್ನು ಬಿಗಿದು ಬಿಟ್ಟು ಹೆಗಲನ್ನು ಇಳಿಸಿಕೊಳ್ಳಬಹುದು.

ನಡಿಗೆ, ನೆರಳು, ನಿದ್ರೆ

ಓಟಕ್ಕೆಂದು ಸಿದ್ಧವಾದ ದೇಹಕ್ಕೆ ಓಟವನ್ನೇ ಕೊಡುವುದು ಮೂರನೆಯ ಉಪಾಯ. ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟಾದರೂ ಮೈಗೆ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿದೆ. ಪರೀಕ್ಷೆ ಬಂದಿತೆಂದು ಆಟವನ್ನೂ ನಡಿಗೆಯನ್ನೂ ನಿಲ್ಲಿಸುವುದು ನಮ್ಮ ಮನೆಗಳಲ್ಲಿ ರೂಢಿ. ನಿಜವಾಗಿ ನೋಡಿದರೆ ಅವು ಹೆಚ್ಚು ಬೇಕಾಗುವುದು ಆಗಲೇ.

ನಡೆಯುವುದಕ್ಕೆ ಹಸಿರಿರುವ ಎಡೆಯಾದರೆ ಇನ್ನೂ ಒಳ್ಳೆಯದು. ರೋಜರ್ ಉಲ್ರಿಕ್ ಎಂಬವನು 1984ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ತುಲನೆ ಮಾಡಿದನು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುವ ಕೊಠಡಿಯಲ್ಲಿದ್ದವರು, ಇಟ್ಟಿಗೆಯ ಗೋಡೆ ಕಾಣುವ ಕೊಠಡಿಯಲ್ಲಿದ್ದವರಿಗಿಂತ ಬೇಗನೆ ಮನೆಗೆ ಹೋದರು. ಅವರಿಗೆ ಬೇಕಾದ ಪ್ರಬಲ ನೋವುಶಾಮಕಗಳೂ ಕಡಿಮೆ. ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಇದರ ಕೊರತೆಯಿಲ್ಲ. ಹಾನಗಲ್ಲಿನ ಆನೆಕೆರೆಯ ದಂಡೆಯುಂಟು. ಮಾಸೂರಿನ ಹತ್ತಿರ ಮದಗದ ಕೆರೆಯುಂಟು. ಸವಣೂರಿನಲ್ಲಿ ಆಫ್ರಿಕದ ಮೂಲದ ಭಾರಿ ದೊಡ್ಡಹುಣಸೆ ಮರಗಳುಂಟು. ಎಷ್ಟೋ ಬರಗಾಲಗಳನ್ನು ದಾಟಿ ನಿಂತಿರುವ ಅವುಗಳ ನೆರಳಿನಲ್ಲಿ ಕಾಲು ಗಂಟೆ ಕುಳಿತು ಬಂದರೆ ಓದಿಗೆ ನಷ್ಟವಿಲ್ಲ.

ನಿದ್ರೆಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಹಗಲು ಕಲಿತುದು ಮೆದುಳಿನಲ್ಲಿ ನೆಲೆಯೂರುವ ಕೆಲಸವು ಬಹುಪಾಲು ನಿದ್ರೆಯಲ್ಲಿ ನಡೆಯುತ್ತದೆ. ನಿದ್ರೆಗೆಟ್ಟು ಓದುವುದೆಂದರೆ ಬಿತ್ತಿದ ಬೀಜಕ್ಕೆ ಮಣ್ಣು ಮುಚ್ಚದೆ ಮುಂದಿನ ಸಾಲಿಗೆ ಹೋದಂತೆ. ಎಚ್ಚರವಿರಲೆಂದು ರಾತ್ರಿ ಚಹಾ ಕುಡಿಯುವುದೂ ಒಳ್ಳೆಯದಲ್ಲ. ಅದರಲ್ಲಿಯ ಕೆಫೀನ್ ಆಯಾಸವನ್ನು ನೀಗಿಸುವುದಿಲ್ಲ. ಆಯಾಸದ ಸುದ್ದಿಯು ಮೆದುಳಿಗೆ ಮುಟ್ಟದಂತೆ ತಡೆಯುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಗಳ ಬಳಿಕವೂ ರಕ್ತದಲ್ಲಿ ಉಳಿದಿರುತ್ತದೆ. ಸಂಜೆಯ ಮೇಲೆ ಚಹಾ ಬಿಡುವುದು, ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುವುದು, ಇವು ಕಾಸಿಲ್ಲದ ಔಷಧಗಳು.

ಚಿಂತೆಯನ್ನು ಕಾಗದಕ್ಕೆ ಇಳಿಸುವುದು

ಮನಸ್ಸಿನಲ್ಲಿಯ ಚಿಂತೆಯು ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುತ್ತದೆ. ಅದನ್ನು ಬರೆದರೆ ಅದಕ್ಕೊಂದು ಮೊದಲೂ ಕೊನೆಯೂ ಬರುತ್ತವೆ. ಷಿಕಾಗೋ ವಿಶ್ವವಿದ್ಯಾಲಯದ ರಮೀರೆಜ್ ಮತ್ತು ಬೈಲಾಕ್ ಎಂಬವರು 2011ರಲ್ಲಿ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಅಂಜಿಕೆಯನ್ನು ಕುರಿತು ಬರೆದ ವಿದ್ಯಾರ್ಥಿಗಳು ಹೆಚ್ಚು ಒಳ್ಳೆಯ ಅಂಕಗಳನ್ನು ಪಡೆದುದನ್ನು ಪ್ರಕಟಿಸಿದರು. ಹೆಚ್ಚಾಗಿ ಅಂಜುವವರಿಗೇ ಇದರಿಂದ ಹೆಚ್ಚು ಲಾಭವಾಯಿತು. ಒಂದು ಹಾಳೆಯ ನಡುವೆ ಗೆರೆ ಎಳೆದು, ನನ್ನ ಕೈಯಲ್ಲಿರುವುದು ಒಂದು ಕಡೆಗೂ, ಇಲ್ಲದುದು ಇನ್ನೊಂದು ಕಡೆಗೂ ಬರೆಯುವುದು ಒಳ್ಳೆಯ ರೂಢಿ. ಮಳೆ ಬರಿಸುವುದು ರೈತನ ಕೈಯಲ್ಲಿಲ್ಲ. ಬೀಜ ಹದಮಾಡುವುದೂ, ಬದು ಕಟ್ಟುವುದೂ, ಬೆಳೆವಿಮೆ ಮಾಡಿಸುವುದೂ ಇದೆ. ಪ್ರಶ್ನಪತ್ರಿಕೆಯು ವಿದ್ಯಾರ್ಥಿಯ ಕೈಯಲ್ಲಿಲ್ಲ. ಇಂದು ಸಂಜೆಯ ಎರಡು ಪಾಠಗಳು ಇವೆ.

ಸಂತೆಯ ಹೊತ್ತಿಗೆ ಮೂರು ಮೊಳ ನೇಯುವವನಿಗೆ ಯಾವ ಉಸಿರಾಟವೂ ನೆಮ್ಮದಿಯನ್ನು ಕೊಡಲಾರದೆಂಬುದನ್ನೂ ಹೇಳಿಬಿಡಬೇಕು. ದಿನದಿನವೂ ಸ್ವಲ್ಪ ಸ್ವಲ್ಪ ಓದುವುದೇ ಪರೀಕ್ಷೆಯ ಕಳವಳಕ್ಕೆ ಮೂಲಚಿಕಿತ್ಸೆ. ಒಂದು ಪರೀಕ್ಷೆಯೇ ಬದುಕಿನ ಕೊನೆಯ ತೀರ್ಪೂ ಅಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವನ್ನು ಕೊಟ್ಟಿದೆ. ಒಂದು ಬಾಗಿಲು ಮುಚ್ಚಿದರೆ ಕೆಲವೇ ವಾರಗಳಲ್ಲಿ ಇನ್ನೊಂದು ತೆರೆಯುವುದು.

ಉಪಾಯಗಳ ಎಲ್ಲೆ

ಇಲ್ಲಿ ಹೇಳಿದುವು ದಿನದಿನದ ಕಳವಳಕ್ಕೆ ತಕ್ಕ ಉಪಾಯಗಳು. ಅವುಗಳಿಗೂ ಒಂದು ಎಲ್ಲೆಯುಂಟು. ಎರಡು ವಾರಗಳಿಗೂ ಮೀರಿ ನಿದ್ರೆ, ಊಟ ಸೇರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಕಾರಣವಿಲ್ಲದೆ ಎದೆ ನಡುಗಿ ದಿನದ ಕೆಲಸಗಳು ನಿಂತುಹೋದರೆ ವೈದ್ಯರನ್ನು ಕಾಣಲೇಬೇಕು. ಬದುಕುವುದೇ ಬೇಡವೆಂಬ ಯೋಚನೆಯು ಸುಳಿದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ಅಂದೇ, ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಬೇಕು. ಅಪ್ಪನಿರಲಿ, ಅವ್ವನಿರಲಿ, ಅಕ್ಕನಿರಲಿ, ಸೋದರಮಾವನಿರಲಿ, ನೆಚ್ಚಿನ ಗುರುಗಳಿರಲಿ, ಹೇಳಿದೊಡನೆ ಹೊರೆಯು ಇಬ್ಬರ ಹೆಗಲಿಗೆ ಹಂಚಿಹೋಗುತ್ತದೆ. ಕೇಳುವ ಹಿರಿಯರೂ ಗದರಿಸದೆ, ನಗದೆ, ಉಪದೇಶಕ್ಕೆ ಅವಸರಿಸದೆ ಪೂರ್ತಿಯಾಗಿ ಕೇಳಬೇಕು.

ಮನಸ್ಸಿನ ಚಿಕಿತ್ಸೆಯೆಂದರೆ ನಾಚಿಕೆಪಡುವ ಕಾಲವು ಹೋಗಬೇಕಾಗಿದೆ. ಮನಸ್ಸಿನ ಕಾಯಿಲೆಗಳಿ ಚಿಕಿತ್ಸೆಯನ್ನು ದೊಡ್ಡ ಪಟ್ಟಣಗಳಿಂದ ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ತರಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಯೋಗ ಮಾಡಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಈ ಭಾಗದವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಯೂ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೂ ಹತ್ತಿರ. ಬಸ್ಸು ಹತ್ತುವುದಕ್ಕೂ ಮನಸ್ಸಿಲ್ಲದವರಿಗೆ 2022ರ ಅಕ್ಟೋಬರ್ 10ರಂದು ಭಾರತ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಯುಂಟು. 14416 ಎಂಬ ಅಂಕೆಗೆ ಹಗಲಿರುಳು ಯಾವಾಗಲಾದರೂ ದೂರವಾಣಿ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ಕೊಡಬೇಕಾದುದಿಲ್ಲ.

ಕಳವಳವು ಮನುಷ್ಯನ ಹಗೆಯಲ್ಲ. ಹೊಲವನ್ನು ಕಾಯುವ ನಾಯಿಯಂತೆ ಅದು ಬೊಗಳುವುದು ನಮ್ಮ ರಕ್ಷಣೆಗಾಗಿಯೇ. ಗಾಳಿಗೆ ಅಲ್ಲಾಡಿದ ಎಲೆಗೂ ಅದು ಬೊಗಳಿದಾಗ, ‘ಕಳ್ಳನಿಲ್ಲ, ಸುಮ್ಮನಿರು’ ಎಂದು ಮೈದಡವಿ ಹೇಳುವ ವಿದ್ಯೆ ಒಡೆಯನಿಗೆ ತಿಳಿದಿರಬೇಕು. ಉದ್ದವಾದ ಒಂದು ಉಸಿರು, ಸಡಿಲವಾದ ಹೆಗಲು, ಒಂದು ಮೈಲಿ ನಡಿಗೆ, ತುಂಬಿದ ನಿದ್ರೆ, ಬರೆದಿಟ್ಟ ಒಂದು ಹಾಳೆ, ಆಪ್ತರೊಡನೆ ನಾಲ್ಕು ಮಾತು, ಇವೇ ಆ ವಿದ್ಯೆಯ ಅಕ್ಷರಗಳು. ಪರೀಕ್ಷೆಯ ಬೆಳಗಿಗೆ ಕಾಯದೆ ಇಂದೇ ಇವನ್ನು ರೂಢಿಸಿಕೊಳ್ಳತೊಡಗಿದರೆ, ಬೇಕಾದ ಹೊತ್ತಿಗೆ ಅವು ಕೈಗೆ ಒದಗುವುವು.